ಒಂದಿಂಚಿನ ಪ್ಲೇಟು, ಹತ್ತು ವರ್ಷ ಬೆಳೆದ ಬಿರುಕು: ರೋಮಿಯೋವಿಲ್, 1984

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ನಗರದ ನೈಋತ್ಯಕ್ಕೆ ರೋಮಿಯೋವಿಲ್ ಅನ್ನೋ ಊರಿದೆ. ಅಲ್ಲಿನ ಯೂನಿಯನ್ ಆಯಿಲ್ ಕಂಪನಿಯ ರಿಫೈನರಿಯಲ್ಲಿ 1984ರ ಜುಲೈ 23ರಂದು ಒಂದು ಪ್ರೆಶರ್ ವೆಸೆಲ್, ಅಂದರೆ ಒತ್ತಡದಲ್ಲಿ ಗ್ಯಾಸ್ ಅಥವಾ ದ್ರವ ಹಿಡಿದಿಡುವ ಸ್ಟೀಲ್ ಪಾತ್ರೆ, ಒಡೆಯಿತು. ಒಡೆಯುವ ಮೊದಲು ಅದು ಸ್ವಲ್ಪ ಸಮಯ ಕೊಟ್ಟಿತ್ತು. ಎತ್ತರದ ಆ ಟವರ್‌ನ ಕೆಳಭಾಗದಲ್ಲಿ ಗ್ಯಾಸ್ ಸೋರುತ್ತಿರುವುದು ಆಪರೇಟರ್ ಒಬ್ಬರ ಕಣ್ಣಿಗೆ ಬಿತ್ತು. ಸುಮಾರು 150 ಮಿ.ಮೀ. ಉದ್ದದ ಅಡ್ಡ ಬಿರುಕು. ಗ್ಯಾಸ್ ಒಳಗೆ ಬರುವ ವಾಲ್ವನ್ನು ಮುಚ್ಚಲು ಅವರು ಪ್ರಯತ್ನ ಮಾಡುತ್ತಿದ್ದಾಗಲೇ ಅದು 600 ಮಿ.ಮೀ. ಆಯಿತು. ಜನರನ್ನು ಅಲ್ಲಿಂದ ದೂರ ಕಳಿಸುತ್ತಿದ್ದರು. ರಿಫೈನರಿಯ ಅಗ್ನಿಶಾಮಕ ದಳ ಬಂದು ಸೇರುತ್ತಿತ್ತು. ಅಷ್ಟರಲ್ಲಿ ಬಿರುಕು ಸುತ್ತಲೂ ಹರಿಯಿತು, ಹೊರಬಂದ ಗ್ಯಾಸ್ ಹೊತ್ತಿಕೊಂಡಿತು. 17 ಜನ ಸತ್ತರು. ಬೆಂಕಿ ಆರಿಸಲು ಬಂದವರೂ ಅವರಲ್ಲಿ ಇದ್ದರು.

ಟವರ್‌ನ ಮೇಲಿನ 14 ಮೀಟರ್ ಭಾಗ ಕಿತ್ತುಕೊಂಡು ಮೇಲೆ ಹೋಯಿತು. ಅದರ ತೂಕ ಸುಮಾರು 20 ಟನ್. ಅದು ಬಿದ್ದದ್ದು ಒಂದು ಕಿಲೋಮೀಟರ್ ಆಚೆ, 1,38,000 ವೋಲ್ಟ್‌ನ ವಿದ್ಯುತ್ ಟವರ್‌ಗೆ ಬಡಿದು. ಕೆಳಗಿನ ಭಾಗ ಬೆಂಕಿಯ ನಡುವೆ ನಿಂತಲ್ಲೇ ನಿಂತಿತ್ತು.

ಪ್ರೆಶರ್ ವೆಸೆಲ್ ಕೆಲಸ ಕಲಿಯುವವರಿಗೆ ಹೇಳಲು ಇಂಥ ಪ್ರಕರಣಗಳು ಬೇಕಾದಷ್ಟಿವೆ. ನಾನು ಇದನ್ನು ಆರಿಸಲು ಕಾರಣ ಸರಳ. ಇದರಲ್ಲಿ ಅಪರೂಪದ್ದು ಏನೂ ಇಲ್ಲ. ವಿಪರೀತ ಪ್ರೆಶರ್ ಇಲ್ಲ, ವಿಪರೀತ ಬಿಸಿ ಇಲ್ಲ, ವಿಶೇಷ ಮಿಶ್ರಲೋಹ ಇಲ್ಲ. ನಮ್ಮ ಯಾವ ಫ್ಯಾಬ್ರಿಕೇಷನ್ ಶಾಪ್‌ಗೆ ಹೋದರೂ ಅಂಗಳದಲ್ಲಿ ಬಿದ್ದಿರುವ ಅದೇ 516 ಗ್ರೇಡ್ 70 ಎಂಬ ಸಾಧಾರಣ ಸ್ಟೀಲ್ ಪ್ಲೇಟು. ದಪ್ಪ 25 ಮಿ.ಮೀ., ಅಂದರೆ ಒಂದಿಂಚು. ಕೆಲಸ ಮಾಡುವಾಗ ಒಳಗಿನ ಬಿಸಿ 38 ಡಿಗ್ರಿ ಸೆಲ್ಸಿಯಸ್, ರಾಯಚೂರಿನ ಬೇಸಿಗೆಯ ಮಧ್ಯಾಹ್ನಕ್ಕಿಂತ ಕಡಿಮೆ.

ಮೊದಲು ಆ ಪ್ಲೇಟಿನ ಬಗ್ಗೆ

ಎ.ಎಸ್.ಟಿ.ಎಂ. ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಎ516 ಅನ್ನೋದು ಸಾಧಾರಣ ಮತ್ತು ತಂಪಾದ ಉಷ್ಣತೆಯಲ್ಲಿ ಕೆಲಸ ಮಾಡುವ ಪ್ರೆಶರ್ ವೆಸೆಲ್‌ಗಳಿಗೆ ಮಾಡಿದ ಕಾರ್ಬನ್ ಸ್ಟೀಲ್ ಪ್ಲೇಟ್. ಇದೇ ಪ್ಲೇಟು ಪ್ರೆಶರ್ ವೆಸೆಲ್‌ಗಳ ಅಮೆರಿಕದ ನಿಯಮಾವಳಿಯಾದ ಎ.ಎಸ್.ಎಂ.ಇ. ಕೋಡ್ ಪ್ರಕಾರ ಬಂದರೆ ಎಸ್‌ಎ516 ಎಂದು ಕರೆಯುತ್ತಾರೆ. ಗ್ರೇಡ್ 55, 60, 65, 70 ಎಂದು ನಾಲ್ಕಿವೆ. ಆ ಸಂಖ್ಯೆ ಕನಿಷ್ಠ ಟೆನ್ಸೈಲ್ ಬಲ, ಅಂದರೆ ಎಳೆದಾಗ ಮುರಿಯುವ ಮೊದಲು ತಡೆಯುವ ಬಲ, ಒಂದು ಚದರ ಇಂಚಿಗೆ ಎಷ್ಟು ಸಾವಿರ ಪೌಂಡ್ ಅಂತ. ಗ್ರೇಡ್ 70 ಅಂದರೆ ನಮ್ಮ ಲೆಕ್ಕದಲ್ಲಿ 485ರಿಂದ 620 ಎಂ.ಪಿ.ಎ. (ಮೆಗಾಪಾಸ್ಕಲ್). ಯೀಲ್ಡ್, ಅಂದರೆ ಸ್ಟೀಲ್ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಟ್ಟ, ಕನಿಷ್ಠ 260 ಎಂ.ಪಿ.ಎ. ಐವತ್ತು ಮಿ.ಮೀ. ಅಳತೆಯ ಸ್ಯಾಂಪಲ್ ಮುರಿಯುವ ಮೊದಲು ಕನಿಷ್ಠ 21 ಶೇಕಡಾ ಹಿಗ್ಗಬೇಕು.

ಈ ಸ್ಟೀಲ್ ಕಿಲ್ಡ್ ಸ್ಟೀಲ್. ಅಂದರೆ ಕರಗಿದ ಸ್ಟೀಲಿನ ಆಮ್ಲಜನಕವನ್ನು ಸಿಲಿಕಾನ್, ಅಲ್ಯೂಮಿನಿಯಂ ಹಾಕಿ ಹಿಡಿದಿಟ್ಟಿರುತ್ತಾರೆ. ಸ್ಟೀಲಿನ ಹರಳಿನ ಕಣಗಳು ಸಣ್ಣದಾಗಿರಬೇಕು ಅನ್ನೋ ನಿಯಮವೂ ಇದೆ. 40 ಮಿ.ಮೀ.ಗಿಂತ ದಪ್ಪದ ಪ್ಲೇಟನ್ನು ನಾರ್ಮಲೈಸ್ ಮಾಡಿಯೇ, ಅಂದರೆ ಮತ್ತೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸಿಯೇ, ಕೊಡಬೇಕು. ಅದಕ್ಕಿಂತ ತೆಳುವಾದದ್ದನ್ನು ಖರೀದಿದಾರ ಬೇರೆ ರೀತಿ ಕೇಳದಿದ್ದರೆ ರೋಲಿಂಗ್ ಮುಗಿದ ಸ್ಥಿತಿಯಲ್ಲೇ ಕಳಿಸಬಹುದು.

ಇನ್ನು ಕಾರ್ಬನ್. ಒಂದಿಂಚು ದಪ್ಪದ ಗ್ರೇಡ್ 70ಕ್ಕೆ ಗರಿಷ್ಠ 0.28 ಶೇಕಡಾ. ಮ್ಯಾಂಗನೀಸ್ 0.85ರಿಂದ 1.20. ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ವೆಲ್ಡಿಂಗ್‌ನಲ್ಲಿ ಸ್ಟೀಲ್ ಎಷ್ಟು ಗಟ್ಟಿಯಾಗುತ್ತದೆ ಅಂತ ಅಂದಾಜಿಸಲು ಕಾರ್ಬನ್ ಈಕ್ವಿವೆಲೆಂಟ್ ಎಂಬ ಸೂತ್ರ ಇದೆ. ಕಾರ್ಬನ್‌ಗೆ ಮ್ಯಾಂಗನೀಸ್‌ನ ಆರನೇ ಒಂದು ಭಾಗ ಸೇರಿಸಬೇಕು. ಕ್ರೋಮಿಯಂ, ನಿಕ್ಕಲ್, ತಾಮ್ರ ಇತ್ಯಾದಿಗಳ ಸಣ್ಣ ಪಾಲನ್ನೂ ಸೇರಿಸಬೇಕು, ಸದ್ಯಕ್ಕೆ ಅವನ್ನು ಬಿಡೋಣ. ಒಂದು ಪ್ಲೇಟಿನಲ್ಲಿ ಕಾರ್ಬನ್ 0.28, ಮ್ಯಾಂಗನೀಸ್ 1.20 ಇದ್ದರೆ ಉತ್ತರ 0.48. ಇನ್ನೊಂದರಲ್ಲಿ 0.20 ಮತ್ತು 1.10 ಇದ್ದರೆ 0.38. ಎರಡರ ಮೇಲೂ ಅದೇ ಸ್ಟಾಂಪ್, ಎರಡೂ ಪಾಸ್. ಆದರೆ ವೆಲ್ಡರ್ ಆರ್ಕ್ ಹೊಡೆದಾಗ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಪ್ಲೇಟಿನ ಜೊತೆ ಬರುವ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಗ್ರೇಡ್ ಹೆಸರು ನೋಡಿ ಫೈಲಿಗೆ ಹಾಕುವವರು ಜಾಸ್ತಿ. ಕೆಳಗಿನ ಸಂಖ್ಯೆಗಳನ್ನು ಓದುವವರು ಕಡಿಮೆ. ಈ ಪ್ರಕರಣ ಓದಿದ ಮೇಲೆ ಆ ಸಂಖ್ಯೆಗಳ ಬಗ್ಗೆ ನನಗಿರುವ ಕಾಳಜಿ ಯಾಕೆ ಅಂತ ತಿಳಿಯುತ್ತದೆ.

ಟವರ್ ಕಟ್ಟಿದ್ದು

ಟವರ್ 1970ರಲ್ಲಿ ಕೆಲಸ ಶುರು ಮಾಡಿತು. ವ್ಯಾಸ 2.6 ಮೀಟರ್, ಎತ್ತರ 18 ಮೀಟರ್ ಆಸುಪಾಸು. ಪ್ಲೇಟನ್ನು ಬಾಗಿಸಿ ಉಂಗುರದಂಥ ಶೆಲ್ ಕೋರ್ಸ್ ಮಾಡಿ, ಒಂದರ ಮೇಲೊಂದು ಕೂರಿಸಿ ಬೆಸುಗೆ ಹಾಕಿದ್ದರು. ವೆಲ್ಡಿಂಗ್ ಸಬ್‌ಮರ್ಜ್ಡ್ ಆರ್ಕ್ ವಿಧಾನದಲ್ಲಿ, ಅಂದರೆ ಪುಡಿಯ ಹೊದಿಕೆಯ ಕೆಳಗೆ ಮಿಷನ್ ಆರ್ಕ್ ಉರಿಸುವ ರೀತಿಯಲ್ಲಿ, ಪ್ಲೇಟಿನ ಪೂರ್ತಿ ದಪ್ಪಕ್ಕೂ ಇಳಿಯುವಂತೆ. ವೆಲ್ಡಿಂಗ್ ಆದ ಮೇಲೆ ಸ್ಟ್ರೆಸ್ ರಿಲೀವಿಂಗ್, ಅಂದರೆ ಕಾಯಿಸಿ ನಿಧಾನಕ್ಕೆ ಆರಿಸಿ ಒಳಗೆ ಸಿಕ್ಕಿಕೊಂಡ ಎಳೆತ ಇಳಿಸುವ ಕೆಲಸ, ಮಾಡಿರಲಿಲ್ಲ.

ಮಾಡದೇ ಇದ್ದದ್ದು ನಿಯಮ ಮೀರಿ ಅಲ್ಲ. ಈ ಜಾತಿಯ ಕಾರ್ಬನ್ ಸ್ಟೀಲ್‌ಗೆ ಬರೀ ದಪ್ಪದ ಕಾರಣಕ್ಕೆ ಸ್ಟ್ರೆಸ್ ರಿಲೀವಿಂಗ್ ಕಡ್ಡಾಯ ಆಗುವುದು ಒಂದೂವರೆ ಇಂಚು, ಅಂದರೆ 38 ಮಿ.ಮೀ. ದಾಟಿದಾಗ. ಅದರ ಹತ್ತಿರದ ದಪ್ಪಗಳಿಗೆ ಪ್ರೀಹೀಟ್, ಅಂದರೆ ವೆಲ್ಡಿಂಗ್‌ಗೆ ಮೊದಲು ಬಿಸಿ ಮಾಡುವ ಷರತ್ತು ಇದೆ. 25 ಮಿ.ಮೀ. ಇವೆರಡಕ್ಕೂ ಕೆಳಗೇ ಉಳಿಯುತ್ತದೆ. ಬಾಗಿಸುವಾಗ ಪ್ಲೇಟಿನ ಹೊರಮೈ ಎಷ್ಟು ಹಿಗ್ಗುತ್ತದೆ ಅಂತಲೂ ನೋಡಬಹುದು. 50ನ್ನು ದಪ್ಪದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. 50 ಗುಣಿಸು 25, ಭಾಗಿಸು 1300. ಸುಮಾರು ಒಂದು ಶೇಕಡಾ. ಕೋಡ್ ಚಿಂತೆ ಮಾಡಲು ಶುರು ಮಾಡುವುದು 5 ಶೇಕಡಾ ದಾಟಿದಾಗ. ಹೀಗಾಗಿ ಬಾಗಿಸುವುದರಲ್ಲೂ ತಕರಾರಿಲ್ಲ.

ಗೋಡೆಯ ಮೇಲಿನ ಒತ್ತಡವೂ ಕಡಿಮೆಯೇ. ಕೆಲಸದ ಪ್ರೆಶರ್ ಸುಮಾರು 1.4 ಎಂ.ಪಿ.ಎ. ಪ್ರೆಶರನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಸುತ್ತಳತೆಯ ದಿಕ್ಕಿನ ಸ್ಟ್ರೆಸ್, ಅಂದರೆ ಗೋಡೆಯನ್ನು ಎಳೆಯುವ ಒತ್ತಡ, 73 ಎಂ.ಪಿ.ಎ. ಬರುತ್ತದೆ. ಆ ಕಾಲದ ಕೋಡ್ ಟೆನ್ಸೈಲ್ ಬಲದ ನಾಲ್ಕನೇ ಒಂದು ಭಾಗವನ್ನು, ಅಂದರೆ 120 ಎಂ.ಪಿ.ಎ.ವರೆಗೆ ಒಪ್ಪುತ್ತಿತ್ತು. ಡ್ರಾಯಿಂಗ್ ಟೇಬಲ್ ಮೇಲೆ ಕೂತು ನೋಡಿದರೆ ಇದು ಆರಾಮಾಗಿರುವ ವೆಸೆಲ್.

ಒಳಗೆ ಏನಿತ್ತು

ಡ್ರಾಯಿಂಗ್ ಟೇಬಲ್‌ಗೆ ಕಾಣದ ಸಂಗತಿ ಒಳಗಿನ ದ್ರವ. ಈ ಟವರ್ ಅಮೀನ್ ಅಬ್ಸಾರ್ಬರ್. ಪ್ರೊಪೇನ್, ಬ್ಯೂಟೇನ್‌ನಂಥ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಬೆರೆತಿರುತ್ತದೆ. ಅದನ್ನು ತೆಗೆಯಲು ಗ್ಯಾಸನ್ನು ಕೆಳಗಿನಿಂದ ಬಿಟ್ಟು, ಮೇಲಿನಿಂದ ಮೊನೊಎಥನಾಲಮೀನ್ ಎಂಬ ದ್ರವ ಇಳಿಸುತ್ತಾರೆ. ದ್ರವ ಇಳಿಯುತ್ತಾ ಸಲ್ಫೈಡನ್ನು ಹೀರಿಕೊಳ್ಳುತ್ತದೆ. ಮಂಗಳೂರಿನದ್ದೂ ಸೇರಿ ಇವತ್ತಿನ ರಿಫೈನರಿಗಳಲ್ಲಿ ಈ ಅಮೀನ್ ಕೆಲಸ ದಿನನಿತ್ಯದ್ದು. ಟವರ್‌ನ ತಳದಲ್ಲಿ ಸಲ್ಫೈಡ್ ತುಂಬಿಕೊಂಡ ದ್ರವ ನಿಲ್ಲುತ್ತದೆ. ಗೋಡೆಗೆ ಅತಿ ಕೆಟ್ಟ ಜಾಗ ಅದೇ.

ನೀರು ಮತ್ತು ಹೈಡ್ರೋಜನ್ ಸಲ್ಫೈಡ್ ಸೇರಿ ಕಬ್ಬಿಣವನ್ನು ತಿನ್ನುವಾಗ ಗೋಡೆಯ ಮೇಲೆ ಹೈಡ್ರೋಜನ್ ಪರಮಾಣುಗಳು ಹುಟ್ಟುತ್ತವೆ. ಸಾಮಾನ್ಯವಾಗಿ ಅವು ಎರಡೆರಡು ಸೇರಿ ಗುಳ್ಳೆಯಾಗಿ ಹೋಗಬೇಕು. ಸಲ್ಫೈಡ್ ಇದ್ದರೆ ಆ ಜೋಡಣೆಗೆ ಅಡ್ಡಿ. ಹಾಗಾಗಿ ಬಹಳಷ್ಟು ಪರಮಾಣುಗಳು ಒಂಟಿಯಾಗಿಯೇ ಸ್ಟೀಲಿನೊಳಗೆ ನುಗ್ಗುತ್ತವೆ. ಅಷ್ಟು ಸಣ್ಣವಕ್ಕೆ ಸ್ಟೀಲ್ ಗೋಡೆ ಗೋಡೆಯೇ ಅಲ್ಲ.

ಒಳಗೆ ಹೋದವು ಎಲ್ಲಿ ನಿಲ್ಲುತ್ತವೆ? ಸ್ಟೀಲ್‌ನಲ್ಲಿ ಗಂಧಕ ಮ್ಯಾಂಗನೀಸ್ ಸಲ್ಫೈಡ್ ಆಗಿ ಉಳಿದಿರುತ್ತದೆ. ಮಿಲ್‌ನಲ್ಲಿ ಪ್ಲೇಟ್ ಉರುಳಿಸುವಾಗ ಆ ಕಣಗಳೂ ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಅವುಗಳ ಅಂಚಿನಲ್ಲಿ ಹೈಡ್ರೋಜನ್ ಪರಮಾಣುಗಳು ಕೂಡಿ ಗ್ಯಾಸ್ ಆಗುತ್ತವೆ. ಗ್ಯಾಸ್ ಆದ ಮೇಲೆ ಅದಕ್ಕೆ ಹೊರಗೆ ಬರುವ ದಾರಿ ಇಲ್ಲ. ಪ್ರೆಶರ್ ಏರುತ್ತಾ ಹೋಗಿ ಪ್ಲೇಟು ಒಳಗೊಳಗೇ ಪದರ ಬಿಡುತ್ತದೆ. ಮೇಲ್ಮೈ ಹತ್ತಿರ ಇದ್ದರೆ ಉಬ್ಬು ಕಾಣುತ್ತದೆ. ಆಳದಲ್ಲಿದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಶಬ್ದ ಬಿಟ್ಟು ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಸಾಧನ ಹಿಡಿದು ನೋಡಿದರೆ 25 ಮಿ.ಮೀ. ಪ್ಲೇಟು 12 ಅಥವಾ 13 ಎಂದು ತೋರಿಸಬಹುದು. ನಡುವಿನ ಪದರದಿಂದಲೇ ಶಬ್ದ ವಾಪಸ್ ಬರುತ್ತದಲ್ವಾ, ಅದಕ್ಕೆ.

ಕೆಲವೇ ವರ್ಷಗಳಲ್ಲಿ ರೋಮಿಯೋವಿಲ್ ಟವರ್‌ನ ಕೆಳಗಿನ ಎರಡು ಕೋರ್ಸ್‌ಗಳಲ್ಲಿ ಇಂಥ ಉಬ್ಬುಗಳೂ ಪದರಗಳೂ ಸಿಕ್ಕವು. ಎರಡನೇ ಕೋರ್ಸ್ ಪೂರ್ತಿ ಬದಲಾಯಿಸಬೇಕು ಅಂತ ತೀರ್ಮಾನ ಆಯಿತು. 1974ರಲ್ಲಿ ಆ ಕೆಲಸ ನಡೆಯಿತು. 1976ರಲ್ಲಿ ತಳದ ಡಿಶ್ ಎಂಡ್, ಅಂದರೆ ಬಟ್ಟಲಿನಂಥ ಮುಚ್ಚಳ, ಮತ್ತು ಮೊದಲ ಕೋರ್ಸಿನ ಬಹುಭಾಗಕ್ಕೆ ಒಳಗಿನಿಂದ ಮೊನೆಲ್ ಎಂಬ ನಿಕ್ಕಲ್-ತಾಮ್ರ ಮಿಶ್ರಲೋಹದ ತಗಡಿನ ಹೊದಿಕೆಯನ್ನೂ ಹಾಕಿದರು.

1974ರ ರಿಪೇರಿ

ನನ್ನ ಪ್ರಕಾರ ಇಡೀ ಪ್ರಕರಣ ಇರುವುದು ಇಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹಳೇ ಕೋರ್ಸನ್ನು ಕತ್ತರಿಸಿ ತೆಗೆದು ಹೊಸ ಕೋರ್ಸ್ ಕೂರಿಸಿದ್ದು ಟವರ್ ನಿಂತ ಜಾಗದಲ್ಲೇ. ಶಾಪ್‌ನಲ್ಲಿ ಟವರನ್ನು ಮಲಗಿಸಿ ರೋಲರ್ ಮೇಲೆ ತಿರುಗಿಸುತ್ತಾ ಸಬ್‌ಮರ್ಜ್ಡ್ ಆರ್ಕ್ ಹಾಕಬಹುದು. ನಿಂತ ಟವರನ್ನು ತಿರುಗಿಸಲು ಆಗುವುದಿಲ್ಲ. ಹೀಗಾಗಿ ಸುತ್ತುವೆಲ್ಡನ್ನು, ಅಂದರೆ ಟವರ್ ಸುತ್ತ ಬರುವ ವೆಲ್ಡನ್ನು, ಕೈಯಿಂದ, ಎಲೆಕ್ಟ್ರೋಡ್ ಹಿಡಿದು ಹಾಕಿದರು. ಎರಡು ವಿಧಾನಗಳಿಗೂ ವ್ಯತ್ಯಾಸ ಬರೀ ವೇಗದ್ದಲ್ಲ. ಸಬ್‌ಮರ್ಜ್ಡ್ ಆರ್ಕ್ ಪ್ರತಿ ಮಿ.ಮೀ. ಉದ್ದಕ್ಕೆ ಬಹಳ ಹೆಚ್ಚು ಶಾಖ ಸುರಿಯುತ್ತದೆ, ಪ್ಲೇಟು ನಿಧಾನವಾಗಿ ಆರುತ್ತದೆ. ಕೈ ಎಲೆಕ್ಟ್ರೋಡ್ ಸುರಿಯುವ ಶಾಖ ಕಡಿಮೆ. ಸುತ್ತಲಿನ ತಣ್ಣಗಿನ ಒಂದಿಂಚು ಪ್ಲೇಟು ಅದನ್ನು ಕ್ಷಣದಲ್ಲಿ ಎಳೆದುಬಿಡುತ್ತದೆ.

ವೆಲ್ಡ್ ಪಕ್ಕದಲ್ಲಿ ಕರಗದೆ, ಆದರೆ ಕೆಂಪಗೆ ಕಾದ ಒಂದು ಸಣ್ಣ ಪಟ್ಟಿ ಇರುತ್ತದೆ. ಎರಡು ಮೂರು ಮಿ.ಮೀ. ಅಗಲ ಇದ್ದರೆ ಹೆಚ್ಚು. ಶಾಪ್‌ನಲ್ಲಿ ಎಲ್ಲರೂ ಅದನ್ನು ಹ್ಯಾಜ್ ಅಂತಾರೆ. ಕಮ್ಮಾರ ಕುಲುಮೆಯಿಂದ ತೆಗೆದ ಕೆಂಪು ಕುಡುಗೋಲನ್ನು ನೀರಿಗೆ ಅದ್ದಿದಾಗ ಆಗುವುದೇ ಈ ಪಟ್ಟಿಗೂ ಆಗುತ್ತದೆ. ನೀರಿನ ಬದಲು ಇಲ್ಲಿ ಸುತ್ತಲಿನ ತಣ್ಣಗಿನ ಲೋಹ. ಬೇಗ ಆರಿದ ಸ್ಟೀಲಿನಲ್ಲಿ ಮಾರ್ಟೆನ್ಸೈಟ್ ಎಂಬ ಗಡುಸು ರಚನೆ ಹುಟ್ಟುತ್ತದೆ. ಕಾಲು ಶೇಕಡಾ ಕಾರ್ಬನ್ ಇರುವ ಸ್ಟೀಲ್ ಪೂರ್ತಿ ಮಾರ್ಟೆನ್ಸೈಟ್ ಆದರೆ ಗಡುಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 45ರ ಆಸುಪಾಸು ಹೋಗಬಲ್ಲದು. ಒದ್ದೆ ಸಲ್ಫೈಡ್ ಇರುವ ಕಡೆ ಕಾರ್ಬನ್ ಸ್ಟೀಲ್ 22 ದಾಟಬಾರದು ಅನ್ನೋದು ಎಣ್ಣೆ ಉದ್ಯಮದ ಹಳೇ ಅನುಭವ.

ಇದನ್ನು ತಡೆಯಲು ಎರಡು ದಾರಿ ಇದ್ದವು. ಒಂದು, ವೆಲ್ಡಿಂಗ್‌ಗೆ ಮೊದಲೇ ಪ್ಲೇಟನ್ನು ಬಿಸಿ ಮಾಡಿ ಇಟ್ಟುಕೊಳ್ಳುವುದು. ಬಿಸಿ ಪ್ಲೇಟು ಶಾಖವನ್ನು ಅಷ್ಟು ಬೇಗ ಎಳೆಯುವುದಿಲ್ಲ. ಎರಡು, ವೆಲ್ಡಿಂಗ್ ಮುಗಿದ ಮೇಲೆ ಸುಮಾರು 600 ಡಿಗ್ರಿಗೆ ಕಾಯಿಸಿ, ಹಿಡಿದಿಟ್ಟು, ನಿಧಾನಕ್ಕೆ ಆರಿಸುವುದು. ಹೀಗೆ ಮಾಡಿದರೆ ಗಡುಸು ರಚನೆ ಮೆತ್ತಗಾಗುತ್ತದೆ. ವೆಲ್ಡ್ ಕುಗ್ಗುವಾಗ ಒಳಗೆ ಸಿಕ್ಕಿಕೊಂಡ ಸ್ಟ್ರೆಸ್ ಇಳಿಯುತ್ತದೆ. ಆ ಉಳಿಕೆ ಸ್ಟ್ರೆಸ್ ಸಣ್ಣದಲ್ಲ, ಯೀಲ್ಡ್ ಬಲದ ಮಟ್ಟಕ್ಕೇ ಹೋಗುತ್ತದೆ. ಒಳಗಿನ ಪ್ರೆಶರ್ ಹುಟ್ಟಿಸುವ ಸ್ಟ್ರೆಸ್ ಅದರ ಮುಂದೆ ಏನೇನೂ ಅಲ್ಲ. ರೋಮಿಯೋವಿಲ್‌ನ ರಿಪೇರಿ ವೆಲ್ಡ್‌ಗೆ ಸ್ಟ್ರೆಸ್ ರಿಲೀವಿಂಗ್ ಆಗಲಿಲ್ಲ. ದಪ್ಪದ ಲೆಕ್ಕದಲ್ಲಿ ಕೋಡ್ ಅದನ್ನು ಕೇಳುತ್ತಲೂ ಇರಲಿಲ್ಲ.

ಇಲ್ಲಿ ನನಗೆ ತುಂಬಾ ಕಾಡುವ ವಿಷಯ ಒಂದಿದೆ. ಹೈಡ್ರೋಜನ್ ಹಾವಳಿ ಇದೆ ಅಂತ ಗೊತ್ತಾಗಿಯೇ ಕೋರ್ಸ್ ಬದಲಾಯಿಸಿದ್ದು. ಅಂದರೆ ರೋಗ ಗೊತ್ತಿತ್ತು. ಆದರೆ ಅದನ್ನು ಪ್ಲೇಟಿನ ರೋಗ ಎಂದಷ್ಟೇ ನೋಡಿದಂತಿದೆ. ಹಾಳಾದ ಪ್ಲೇಟು ತೆಗೆದು ಹೊಸದು ಹಾಕಿದರು. ಅದೇ ಹೈಡ್ರೋಜನ್ ಹೊಸ ವೆಲ್ಡಿನ ಪಕ್ಕದ ಎರಡು ಮಿ.ಮೀ. ಪಟ್ಟಿಗೂ ಹೋಗುತ್ತದೆ, ಮತ್ತು ಆ ಪಟ್ಟಿ ಮೂಲ ಪ್ಲೇಟಿನಂಥ ಮೆತ್ತಗಿನ ಸ್ಟೀಲ್ ಅಲ್ಲ ಅನ್ನೋದು ರಿಪೇರಿ ಮಾಡಿದ ರೀತಿಯಲ್ಲಿ ಎಲ್ಲೂ ಕಾಣುವುದಿಲ್ಲ. ಮೂಲ ಪ್ಲೇಟು ಹೈಡ್ರೋಜನ್‌ಗೆ ಉಬ್ಬುತ್ತದೆ, ಪದರ ಬಿಡುತ್ತದೆ, ವರ್ಷಗಟ್ಟಲೆ ತಡೆಯುತ್ತದೆ. ಗಡುಸು ಹ್ಯಾಜ್ ಹಾಗಲ್ಲ. ಅದು ಸೀಳುತ್ತದೆ.

ತನಿಖೆ ಹೇಳಿದ್ದು

ಒಡೆದ ತುಂಡುಗಳ ಪರೀಕ್ಷೆ ಮಾಡಿದ್ದು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್. 1988ರ ನಂತರ ಆ ಸಂಸ್ಥೆಯ ಹೆಸರು ಎನ್.ಐ.ಎಸ್.ಟಿ. ಆಯಿತು. ಕೆಲಸದ ಜಾಗದ ಸುರಕ್ಷತೆ ನೋಡುವ ಓಶಾ ಎಂಬ ಸರ್ಕಾರಿ ಇಲಾಖೆಗಾಗಿ ಅವರು ಈ ತನಿಖೆ ಮಾಡಿದರು.

ಅವರು ಕಂಡದ್ದು ಹೀಗೆ. ಒಡೆದ ದಾರಿ ಹೊಸ ಕೋರ್ಸನ್ನು ಹಳೇ ಶೆಲ್‌ಗೆ ಸೇರಿಸಿದ ರಿಪೇರಿ ವೆಲ್ಡಿನ ಪಕ್ಕದಲ್ಲೇ ಸಾಗಿತ್ತು. ಅಲ್ಲಿ ಮೊದಲಿನಿಂದಲೇ ಬಿರುಕುಗಳಿದ್ದವು. ಅವು ಹುಟ್ಟಿದ್ದು ವೆಲ್ಡಿಂಗ್ ಸಮಯದಲ್ಲಿ ಗಡುಸಾದ ಜಾಗಗಳಲ್ಲಿ. ಹುಟ್ಟಿದ ಮೇಲೆ ಅವು ಗೋಡೆಯ ಆಳಕ್ಕೆ ಹೈಡ್ರೋಜನ್ ಪ್ರೆಶರ್‌ನಿಂದ ಬೆಳೆದಿದ್ದವು. ಅತಿ ದೊಡ್ಡ ಬಿರುಕು ಗೋಡೆಯ ದಪ್ಪದ 90 ಶೇಕಡಾಕ್ಕಿಂತ ಹೆಚ್ಚು ಆಳಕ್ಕೆ ಇಳಿದಿತ್ತು. ಇದಲ್ಲದೆ ಆ ಜಾಗದ ಸ್ಟೀಲಿನ ಬಿರುಕು ತಡೆಯುವ ಶಕ್ತಿ, ಹೈಡ್ರೋಜನ್ ಸೇರಿ ಸೇರಿ, ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಇವೆರಡೂ ಸೇರಿದಾಗ ಟವರ್ ಒಡೆಯಲು ಬೇಕಾದ ಸ್ಟ್ರೆಸ್ ಬರೀ 35 ಎಂ.ಪಿ.ಎ. ಸ್ಟೀಲಿನ ಬಲದ ಸುಮಾರು ಹತ್ತನೇ ಒಂದು ಭಾಗ.

ಈ 35 ಎಲ್ಲಿಂದ ಬಂತು? ನಾವೇ ಲೆಕ್ಕ ಹಾಕಬಹುದು. ಸಿಲಿಂಡರ್‌ನಲ್ಲಿ ಸುತ್ತಳತೆಯ ದಿಕ್ಕಿಗೆ 73 ಬಂದರೆ, ಉದ್ದದ ದಿಕ್ಕಿಗೆ ಅದರ ಅರ್ಧ, ಅಂದರೆ 36. ಸುತ್ತುವೆಲ್ಡಿನ ಪಕ್ಕದ ಅಡ್ಡ ಬಿರುಕನ್ನು ಬಾಯಿ ತೆರೆಸುವುದು ಈ ಉದ್ದದ ದಿಕ್ಕಿನ ಎಳೆತ. ಡಿಸೈನ್ ಮಾಡುವವರು ದಪ್ಪ ನಿರ್ಧರಿಸುವಾಗ ಸಾಮಾನ್ಯವಾಗಿ ಸುತ್ತಳತೆಯ ಸ್ಟ್ರೆಸ್ ನೋಡುತ್ತಾರೆ, ಅದೇ ದೊಡ್ಡದಲ್ವಾ. ಸುತ್ತುವೆಲ್ಡಿಗೆ ಅರ್ಧವೇ ಬರುವುದು, ಅದು ಸುರಕ್ಷಿತ ಅನ್ನೋ ಭಾವನೆ ಎಲ್ಲರಿಗೂ ಇರುತ್ತದೆ. ಇಲ್ಲಿ ಒಡೆದದ್ದು ಆ ಅರ್ಧದಲ್ಲೇ.

ಇನ್ನೊಂದು ಲೆಕ್ಕ. ಟವರ್‌ನ ಅಡ್ಡ ವಿಸ್ತೀರ್ಣ 5.3 ಚದರ ಮೀಟರ್. 1.4 ಎಂ.ಪಿ.ಎ. ಪ್ರೆಶರ್‌ಗೆ ಅದರ ಮೇಲೆ ತಳ್ಳುವ ಬಲ ಸುಮಾರು 750 ಟನ್. ಗೋಡೆ ಹಿಡಿದಿರುವವರೆಗೆ ಅದು ಯಾರಿಗೂ ಕಾಣದ ಸಂಖ್ಯೆ. ಸುತ್ತಲೂ ಹರಿದ ಕ್ಷಣ ಅಷ್ಟೂ ಬಲ 20 ಟನ್ ತೂಕದ ಮೇಲ್ಭಾಗವನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಕಿಲೋಮೀಟರ್ ಅನ್ನೋದು ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ನಂಬಲು ಕಷ್ಟ ಆಗುವುದಿಲ್ಲ.

ಸೋರಿಕೆ ಕಂಡ ಮೇಲೂ ಸಾಕಷ್ಟು ಸಮಯ ಯಾಕೆ ಸಿಗಲಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಒಳ್ಳೆಯ ಸ್ಟೀಲಿನಲ್ಲಿ ಚಿಕ್ಕ ಬಿರುಕು ಗೋಡೆ ದಾಟಿದರೆ ಸೋರುತ್ತದೆ, ಸೋರುತ್ತಲೇ ಇರುತ್ತದೆ, ಪ್ರೆಶರ್ ಇಳಿಸಲು ಹೊತ್ತು ಸಿಗುತ್ತದೆ. ಇಲ್ಲಿ ಆಪರೇಟರ್ ಕಂಡ 150 ಮಿ.ಮೀ. ಬಿರುಕಿನ ಅಕ್ಕಪಕ್ಕದಲ್ಲಿ ಹೊರಗೆ ಕಾಣದ ಬಿರುಕುಗಳಿದ್ದವು. ಅತಿ ಆಳದ ಕಡೆ 25 ಮಿ.ಮೀ. ಗೋಡೆಯಲ್ಲಿ ಉಳಿದದ್ದು ಎರಡೂವರೆ ಮಿ.ಮೀ.ಗಿಂತ ಕಡಿಮೆ, ಅದೂ ಹೈಡ್ರೋಜನ್ ತಿಂದು ಪೆಡಸಾದ ಸ್ಟೀಲು. ಬಂದವರು ನೋಡಿದ್ದು ಒಂದು ಸಣ್ಣ ಸೋರಿಕೆ. ಎದುರಿಗಿದ್ದದ್ದು ಆಗಲೇ ಅರ್ಧ ಬೇರ್ಪಟ್ಟ ಟವರ್. ಅವರು ಹಾಗೆ ಅಂದುಕೊಳ್ಳಲು ಯಾವ ಕಾರಣವೂ ಇರಲಿಲ್ಲ. ಆ 17 ಜನರ ಬಗ್ಗೆ ಯೋಚಿಸಿದಾಗ ನನಗೆ ಸಂಕಟ ಆಗುವುದು ಇದಕ್ಕೇ.

ನಂತರ ಏನು ಬದಲಾಯಿತು

1984ರ ನಂತರ ರಿಫೈನರಿಗಳು ತಮ್ಮ ಹಳೇ ವೆಸೆಲ್‌ಗಳನ್ನು ತೆರೆದು ಒಳಗಿನ ವೆಲ್ಡ್‌ಗಳನ್ನು ನೋಡಲು ಶುರು ಮಾಡಿದವು. ಬರಿಗಣ್ಣಿಗೆ ಈ ಬಿರುಕು ಕಾಣುವುದಿಲ್ಲ, ಅಷ್ಟು ಬಿಗಿಯಾಗಿ ಮುಚ್ಚಿರುತ್ತದೆ. ಕಾಂತಶಕ್ತಿ ಕೊಟ್ಟು, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಸಿಂಪಡಿಸಿ, ಕತ್ತಲಲ್ಲಿ ಅಲ್ಟ್ರಾವಯೊಲೆಟ್ ದೀಪ ಹಿಡಿದು ನೋಡುವ ವಿಧಾನ ಇದಕ್ಕೆ ಚೆನ್ನಾಗಿ ಒಗ್ಗಿತು. ಹೀಗೆ ನೋಡಿದಾಗ ಚೆನ್ನಾಗಿವೆ ಅಂದುಕೊಂಡಿದ್ದ ಎಷ್ಟೋ ವೆಸೆಲ್‌ಗಳಲ್ಲಿ ಬಿರುಕು ಸಿಕ್ಕಿತು. 1990ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಅಮೀನ್ ಘಟಕಗಳಿಗಾಗಿಯೇ 945 ಎಂಬ ಶಿಫಾರಸು ಹೊರತಂದಿತು. ಅದು ಒತ್ತಿ ಹೇಳುವುದು ಸ್ಟ್ರೆಸ್ ರಿಲೀವಿಂಗ್ ಬಗ್ಗೆ. ಇಂಥ ಕಡೆ ದಪ್ಪ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಒಳಗಿನ ದ್ರವ ನೋಡಿ ಮಾಡಬೇಕು.

ಪ್ಲೇಟ್ ಮಾಡುವ ಮಿಲ್‌ಗಳೂ ಬದಲಾದವು. ಈಗ ಹೈಡ್ರೋಜನ್ ತಡೆಯುವ 516 ಪ್ಲೇಟು ಬೇಕು ಎಂದು ಕೇಳಿ ತರಿಸಬಹುದು. ಮೂಲ ನಿಯಮ ಗಂಧಕವನ್ನು 0.025 ಶೇಕಡಾವರೆಗೆ ಒಪ್ಪುತ್ತದೆ. ಇವು ಅದರ ಹತ್ತನೇ ಒಂದು ಭಾಗಕ್ಕೆ, ಇನ್ನೂ ಕೆಳಗೆ ಇಳಿಸುತ್ತವೆ. ಉಳಿದ ಸಲ್ಫೈಡ್ ಚಪ್ಪಟೆಯಾಗದೆ ಗುಂಡಗೆ ಉಳಿಯಲಿ ಅಂತ ಕ್ಯಾಲ್ಸಿಯಂ ಹಾಕುತ್ತಾರೆ. ಪ್ಲೇಟು ತೆಳುವಿದ್ದರೂ ನಾರ್ಮಲೈಸ್ ಮಾಡುತ್ತಾರೆ. ಸ್ಯಾಂಪಲನ್ನು ಸಲ್ಫೈಡ್ ದ್ರಾವಣದಲ್ಲಿ ನಾಲ್ಕು ದಿನ ಮುಳುಗಿಸಿ, ಕತ್ತರಿಸಿ, ಬಿರುಕು ಅಳೆಯುತ್ತಾರೆ. ಬೆಲೆ ಜಾಸ್ತಿ, ಬರಲು ತಿಂಗಳುಗಳು ಬೇಕು.

ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇಂಥ ಪ್ಲೇಟು ತರಿಸಿದ ಕೂಡಲೇ ಸಮಸ್ಯೆ ಮುಗಿಯಿತು ಅಂತ ಅಂದುಕೊಳ್ಳುವವರನ್ನು ಈಗಲೂ ನೋಡುತ್ತೇವೆ. ಈ ಪ್ಲೇಟು ತಡೆಯುವುದು ಉಬ್ಬು ಮತ್ತು ಪದರವನ್ನು. ವೆಲ್ಡ್ ಪಕ್ಕದಲ್ಲಿ ಮಾರ್ಟೆನ್ಸೈಟ್ ಹುಟ್ಟುವುದನ್ನು ಕಡಿಮೆ ಗಂಧಕ ತಡೆಯುವುದಿಲ್ಲ. ರೋಮಿಯೋವಿಲ್‌ನ 1974ರ ಹೊಸ ಕೋರ್ಸ್ ಎಷ್ಟೇ ಶುದ್ಧ ಪ್ಲೇಟಿನದ್ದಾಗಿದ್ದರೂ, ವೆಲ್ಡಿಂಗ್ ಅದೇ ರೀತಿ ಮಾಡಿದ್ದರೆ ಗಡುಸು ಪಟ್ಟಿ ಇದ್ದೇ ಇರುತ್ತಿತ್ತು. ಅದಕ್ಕೇ ಖರೀದಿ ಪತ್ರದಲ್ಲಿ ಗಂಧಕದ ಜೊತೆ ಕಾರ್ಬನ್ ಈಕ್ವಿವೆಲೆಂಟ್‌ಗೂ ಮಿತಿ ಹಾಕುತ್ತಾರೆ. 0.43 ದಾಟಬಾರದು ಅನ್ನೋದು ಬಹಳ ಕಡೆ ಕಾಣುವ ಮಿತಿ.

ಅದೇ ರಿಪೇರಿ ಇವತ್ತು ಬಂದರೆ

ಟವರ್ ಖಾಲಿ ಮಾಡಿ ತೊಳೆದ ಮೇಲೆ ಮೊದಲ ಕೆಲಸ ಕಟಿಂಗ್ ಅಲ್ಲ, ಹೈಡ್ರೋಜನ್ ಹೊರಹಾಕುವುದು. ವರ್ಷಗಟ್ಟಲೆ ಸಲ್ಫೈಡ್ ಕುಡಿದ ಹಳೇ ಪ್ಲೇಟನ್ನು 200ರಿಂದ 300 ಡಿಗ್ರಿ ಸುತ್ತ ಕೆಲವು ಗಂಟೆ ಕಾಯಿಸಿ ಇಡಬೇಕು. ಇಲ್ಲದಿದ್ದರೆ ಆರ್ಕ್ ಬಿದ್ದ ಕೂಡಲೇ ವೆಲ್ಡ್ ಬಿರುಕು ಬಿಡುತ್ತದೆ. ಉಳಿಯುವ ಹಳೇ ಅಂಚಿನಲ್ಲಿ ಪದರ ಇಲ್ಲ ಅಂತ ಅಲ್ಟ್ರಾಸಾನಿಕ್‌ನಿಂದ ನೋಡಬೇಕು. ಪದರ ಇರುವ ಅಂಚಿಗೆ ವೆಲ್ಡ್ ಹಾಕಿದರೆ ವೆಲ್ಡಿನ ಕುಗ್ಗುವಿಕೆಯೇ ಅದನ್ನು ಬಿಡಿಸುತ್ತದೆ.

ಎಲೆಕ್ಟ್ರೋಡ್, ಕಡಿಮೆ ಹೈಡ್ರೋಜನ್ ಜಾತಿಯ 7018. ಮದರ್ ಓವನ್‌ನಲ್ಲಿ 300 ಡಿಗ್ರಿ ಮೇಲೆ ಬೇಯಿಸಿ, ವೆಲ್ಡರ್ ಪಕ್ಕದ ಪೋರ್ಟಬಲ್ ಓವನ್‌ನಲ್ಲಿ ಬಿಸಿಯಾಗಿಯೇ ಇಡಬೇಕು. ಕಟ್ಟು ಬಿಚ್ಚಿ ನೆಲದ ಮೇಲೆ ಬಿಟ್ಟ ಎಲೆಕ್ಟ್ರೋಡ್ ಗಾಳಿಯ ತೇವ ಹೀರುತ್ತದೆ. ಆ ತೇವವೇ ವೆಲ್ಡಿಗೆ ಹೈಡ್ರೋಜನ್. ಪ್ಲೇಟಿನ ಪ್ರೀಹೀಟ್ 100ರಿಂದ 150 ಡಿಗ್ರಿ. ಸುಮ್ನೆ ಗ್ಯಾಸ್ ಟಾರ್ಚ್ ಒಮ್ಮೆ ಆಡಿಸಿ ಬಿಡುವುದು ಪ್ರೀಹೀಟ್ ಅಲ್ಲ. ಪೂರ್ತಿ ದಪ್ಪ ಕಾಯಬೇಕು, ವೆಲ್ಡಿಂಗ್ ಮುಗಿಯುವವರೆಗೆ ಇಳಿಯಬಾರದು.

ಆಮೇಲೆ ಅತಿ ಕಷ್ಟದ ಭಾಗ, ನಿಂತ ಟವರ್ ಮೇಲೆ ಸ್ಟ್ರೆಸ್ ರಿಲೀವಿಂಗ್. ವೆಲ್ಡ್ ಸುತ್ತ ಸೆರಾಮಿಕ್ ಹೀಟಿಂಗ್ ಪ್ಯಾಡ್ ಕಟ್ಟುತ್ತಾರೆ. ಅದರ ಮೇಲೆ ಸೆರಾಮಿಕ್ ಉಣ್ಣೆ ಹೊದಿಸುತ್ತಾರೆ. ಒಳಗೂ ಹೊರಗೂ ಬಿಸಿ ಅಳೆಯುವ ಥರ್ಮೋಕಪಲ್ ಅಂಟಿಸುತ್ತಾರೆ. 425 ಡಿಗ್ರಿ ದಾಟಿದ ಮೇಲೆ ಒಂದಿಂಚು ಪ್ಲೇಟಿಗೆ ಗಂಟೆಗೆ 222 ಡಿಗ್ರಿಗಿಂತ ಬೇಗ ಏರಿಸಬಾರದು. ಕನಿಷ್ಠ 595 ಡಿಗ್ರಿ ಮುಟ್ಟಿಸಿ, ಇಂಚಿಗೆ ಒಂದು ಗಂಟೆಯ ಲೆಕ್ಕದಲ್ಲಿ ಹಿಡಿಯಬೇಕು. ಇಳಿಸುವುದೂ ನಿಧಾನಕ್ಕೆ. ಆ ಬಿಸಿಯಲ್ಲಿ ಸ್ಟೀಲಿನ ಬಲ ಬಹಳ ಕಡಿಮೆ ಇರುತ್ತದೆ, ಮೇಲಿನ ಭಾಗದ ತೂಕ ಮತ್ತು ಗಾಳಿಯ ಹೊಡೆತ ಆ ಮೆತ್ತಗಾದ ಪಟ್ಟಿಯ ಮೇಲೆ ಬೀಳುತ್ತದೆ. ಆದ್ದರಿಂದ ಕ್ರೇನ್ ಅಥವಾ ಆಧಾರ ಬೇಕೇಬೇಕು, ಆ ಲೆಕ್ಕವನ್ನು ಮೊದಲೇ ಮಾಡಿರಬೇಕು. ಶಟ್‌ಡೌನ್ ಒತ್ತಡದಲ್ಲಿ ಎಲ್ಲರೂ ಬಿಟ್ಟುಬಿಡಲು ನೋಡುವ ಹೆಜ್ಜೆ ಇದೇ. ದಪ್ಪ ಒಂದಿಂಚು ತಾನೇ, ಕೋಡ್ ಕೇಳುವುದಿಲ್ಲ ತಾನೇ ಅನ್ನೋ ಮಾತು ಬರುವುದೂ ಇದೇ ಹೊತ್ತಿಗೆ.

ಕೊನೆಗೆ ಗಡುಸುತನದ ಪರೀಕ್ಷೆ. ಸೈಟ್‌ನಲ್ಲಿ ಕೈಯಲ್ಲಿ ಹಿಡಿಯುವ ಮಿಷನ್ ವೆಲ್ಡ್ ಲೋಹವನ್ನು ಅಳೆಯುತ್ತದೆ, 200 ಬ್ರಿನೆಲ್ ದಾಟಬಾರದು. ಎರಡು ಮಿ.ಮೀ. ಹ್ಯಾಜನ್ನು ಅದರಿಂದ ನಂಬಿಕೆಯಿಂದ ಅಳೆಯಲು ಆಗುವುದಿಲ್ಲ. ಅದನ್ನು ಪ್ರೊಸೀಜರ್ ಕ್ವಾಲಿಫಿಕೇಷನ್ ಸಮಯದಲ್ಲೇ, ಅಂದರೆ ವೆಲ್ಡಿಂಗ್ ವಿಧಾನವನ್ನು ಮೊದಲೇ ಪರೀಕ್ಷಿಸಿ ಒಪ್ಪುವಾಗಲೇ, ಅದೇ ಪ್ಲೇಟು, ಅದೇ ಎಲೆಕ್ಟ್ರೋಡ್, ಅದೇ ಪ್ರೀಹೀಟ್ ಇಟ್ಟು ಸ್ಯಾಂಪಲ್ ಮಾಡಿ, ಅಡ್ಡ ಕತ್ತರಿಸಿ, ವಿಕರ್ಸ್ ಮಿಷನ್‌ನಲ್ಲಿ ನೋಡಬೇಕು. ಅಲ್ಲಿ ಮಿತಿ 248. ನೀರು ತುಂಬಿ ಪ್ರೆಶರ್ ಕೊಟ್ಟು ನೋಡುವ ಹೈಡ್ರೋಟೆಸ್ಟ್ ಇದ್ಯಾವುದನ್ನೂ ಹೇಳುವುದಿಲ್ಲ. ಗಡುಸು ಹ್ಯಾಜ್ ಇರುವ ಹೊಸ ವೆಲ್ಡ್ ನೀರಿನ ಪ್ರೆಶರ್‌ಗೆ ಆರಾಮಾಗಿ ನಿಲ್ಲುತ್ತದೆ, ನೀರಿನಲ್ಲಿ ಸಲ್ಫೈಡ್ ಇಲ್ಲವಲ್ಲ.

ನಿಮ್ಮ ಪ್ಲಾಂಟಿನಲ್ಲಿ ಅಮೀನ್ ಅಥವಾ ಒದ್ದೆ ಸಲ್ಫೈಡ್ ಇರುವ ಹಳೇ ಎ.ಎಸ್.ಎಂ.ಇ. ವೆಸೆಲ್ ಇದ್ದರೆ, ಅದರ ನೇಮ್‌ಪ್ಲೇಟ್ ಒರೆಸಿ ನೋಡಿ. ಇಡೀ ವೆಸೆಲ್‌ಗೆ ಸ್ಟ್ರೆಸ್ ರಿಲೀವಿಂಗ್ ಆಗಿದ್ದರೆ ಎಚ್‌ಟಿ ಎಂಬ ಅಕ್ಷರ ಇರುತ್ತದೆ. ಒಂದು ಭಾಗಕ್ಕೆ ಮಾತ್ರ ಆಗಿದ್ದರೆ ಪಿಎಚ್‌ಟಿ. ಎರಡೂ ಇಲ್ಲದಿದ್ದರೆ ರಿಪೇರಿ ಫೈಲ್ ತರಿಸಿ, ಶೆಲ್ ಮೇಲೆ ಸೈಟ್‌ನಲ್ಲಿ ಹಾಕಿದ ವೆಲ್ಡ್ ಎಲ್ಲೆಲ್ಲಿವೆ ಅಂತ ಡ್ರಾಯಿಂಗ್ ಮೇಲೆ ಗುರುತು ಮಾಡಿ. ಮುಂದಿನ ಶಟ್‌ಡೌನ್‌ನಲ್ಲಿ ಒಳಗೆ ಇಳಿದಾಗ ಅಲ್ಟ್ರಾವಯೊಲೆಟ್ ದೀಪ ಮೊದಲು ಹೋಗಬೇಕಾದದ್ದು ಆ ಗುರುತುಗಳ ಹತ್ತಿರ.